ಗೃಹಪ್ರವೇಶಕ್ಕೆ ಬಂದ ಹೆಲ್ಪರ್ ಅಂಕಲ್

ಶನಿವಾರ ಬಂತೆಂದರೆ ಜಯರಾಮ್ ಪುರೋಹಿತ ಶೇಷಗಿರಿಯವರ ಜೊತೆ ಪೂಜೆಗಳಿಗೆ ಹೊರಡುತ್ತಾರೆ. ಹೋಮಕುಂಡ ಹೊರುವುದು, ಸಮಿತ್ತು ಜೋಡಿಸುವುದು, ಹೊಗೆಗೆ ಕಿರುಚದಂತೆ ಚಾವಣಿಯ ಹೊಗೆ ಅಲಾರಾಂಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುವುದು ಅವರ ಕೆಲಸ. ಒಂದು ಮನೆಯಲ್ಲಿ ಅವರು ಅಸಿಸ್ಟೆಂಟು, ಇನ್ನೊಂದರಲ್ಲಿ ಪರಿಚಾರಕರು, ಮತ್ತೊಂದರಲ್ಲಿ ಡ್ರೈವರು. ಹೆಸರು ಕೇಳಿದವರಿಲ್ಲ. ಇವತ್ತೂ ಮನೆಯವರು ಹೆಸರು ಹಿಡಿದು ಕರೆಯದಿದ್ದರೆ ಇದೇ ಕೊನೆ ಎಂದು ಹೆಂಡತಿಗೆ ಹೇಳಿಯೇ ಬಂದಿದ್ದರು.

ಡಬ್ಲಿನ್ನಿನ ಹೊಸ ಮನೆಯ ಬಾಗಿಲಲ್ಲೇ ಒಡತಿ ನಿಹಾರಿಕಾ ತಡೆದಳು. "ಹೆಲ್ಪರ್ ಅಂಕಲ್, ನೀವು ಗರಾಜಲ್ಲಿ ಕೂತ್ಕೊಳ್ಳಿ. ಒಳಗೆ ನಾವೇ ಮ್ಯಾನೇಜ್ ಮಾಡ್ತೀವಿ."

ಜಯರಾಮ್‌ಗೆ ಮೈಯೆಲ್ಲ ಉರಿಯಿತು. ಟೋಪಿಯನ್ನು ಜೇಬಿಗೆ ತುರುಕಿಕೊಂಡು ಹೋಗಿ ಕೂತರು.

ಕುಂಡಕ್ಕೆ ತುಪ್ಪ ಬಿದ್ದು ಹೊಗೆ ಎದ್ದದ್ದೇ ತಡ, ಅಲಾರಾಂ ಕಿರುಚತೊಡಗಿತು.

"ಹೆಲ್ಪರ್ ಅಂಕಲ್! ಬೇಗ ಬನ್ನಿ!"

ಜಯರಾಮ್ ಕದಲಲಿಲ್ಲ.

ಶೇಷಗಿರಿ ಮಂತ್ರ ನಿಲ್ಲಿಸಿ ಗದರಿದರು. "ಅವರಿಗೊಂದು ಹೆಸರಿದೆ ಕಣಮ್ಮ. ಜಯರಾಮ್ ಅಂತ."

"ಜಯರಾಮ್ ಅಂಕಲ್, ಪ್ಲೀಸ್!"

ಜಯರಾಮ್ ಎದ್ದು ಬಂದು ಏಣಿ ಹತ್ತಿದರು. ಗುಂಡಿ ಒತ್ತಿ ಅಲಾರಾಂ ನಿಲ್ಲಿಸಿ, ಟೋಪಿ ತೊಡಿಸುವಾಗ ಕೆಳಗೆ ಏಣಿ ಹಿಡಿದಿದ್ದ ನಿಹಾರಿಕಾಳ ಗಂಡ ಅಭಿರಾಮ್, "ಹುಷಾರು, ಅಸಿಸ್ಟೆಂಟ್ ಅವ್ರೇ," ಎಂದ.

"ನೀವು ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದರು ಜಯರಾಮ್, "ಹೆಲ್ಪರ್ ಸಾಹೇಬ್ರೇ."