ಅಡುಗೆಮನೆ ಬಾಗಿಲ ಹಿಂದಿನ ಸೋಬಾನೆ

ಯಲಹಂಕದ ಛತ್ರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮದುಮಗಳಿಗೆ ಅರಿಶಿನ ಹಚ್ಚುವ ಹೊತ್ತು. ಹಸೆಮಣೆಯ ಸುತ್ತ ಒಂದೇ ಬಣ್ಣದ ರೇಷ್ಮೆ ಸೀರೆಯುಟ್ಟ ಸಂಪಿಗೆ ಬಳಗದ ಹೆಂಗಸರು ಸೋಬಾನೆ ಹಾಡುತ್ತಿದ್ದಾರೆ. ಅವರಿಗೆಲ್ಲ ಹಾಡು ಕಲಿಸಿದ ಮುನಿನಾರಾಯಣಮ್ಮ ಅಡುಗೆಮನೆಯ ಬಾಗಿಲ ಹಿಂದೆ, ತೆಂಗಿನಕಾಯಿ ಮೂಟೆಯ ಮೇಲೆ ಕುಳಿತು ತುಟಿಯಷ್ಟೇ ಆಡಿಸುತ್ತಿದ್ದಾರೆ.

ಗಂಡ ತೀರಿಕೊಂಡ ಮೇಲೆ ಅವರ ಜಾಗ ಇದೇ. ಮದುವೆಯಲ್ಲಿ ಮೊದಲ ಸಾಲನ್ನು ಮುತ್ತೈದೆಯೇ ಎತ್ತಬೇಕು, ಉಳಿದವರು ಹಿಂದಿನಿಂದ ಹಿಡಿಯಬೇಕು ಎಂಬುದು ರೂಢಿ.

ಯಲಹಂಕದ ಹಳೇ ಊರಿನ ಜಗಲಿಯಲ್ಲಿ ಹೂ ಕಟ್ಟುತ್ತಾ ಅವರು ನೆರೆಯವರಿಗೆ ಹೇಳಿಕೊಟ್ಟ ಪದಗಳಿಂದಲೇ ಈ ಬಳಗ ಹುಟ್ಟಿದ್ದು. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಊರೆಲ್ಲ ಓಡಿತು. ಈಗ ಹೆಬ್ಬಾಳದ ಅಪಾರ್ಟ್‌ಮೆಂಟುಗಳಿಂದಲೂ ಕರೆ ಬರುತ್ತದೆ. ಮಾಘದಲ್ಲಿ ದಿನಕ್ಕೆರಡು ಮದುವೆ. ಬ್ಯಾನರಿನ ತುಂಬ ಶಿಷ್ಯೆ ದಾಕ್ಷಾಯಣಿಯ ಮುಖ.

"ಅವ್ಳನ್ನ ಮುಂದೆ ಕೂರ್ಸಿದ್ದೇ ನಾನು. ಬಳಗ ಮುರೀಬಾರ್ದು, ನೀನೇ ಎತ್ತು ಮಗ ಅಂದೆ. ಬಳಗ ಉಳೀತು. ಇಂಗೆ ಮೂಲೆ ಸೇರ್ತೀನಿ ಅಂತ ಯಾರಿಗ್ ಗೊತ್ತಿತ್ತು?" ಎಂದು ಮುನಿನಾರಾಯಣಮ್ಮ ನಮ್ಮನ್ನೇ ಕೇಳುತ್ತಾರೆ.

ಇವತ್ತು ದಾಕ್ಷಾಯಣಿ ಪದವನ್ನು ತೀರಾ ಎತ್ತರದ ದನಿಯಲ್ಲಿ ಹಿಡಿದಿದ್ದಾರೆ. ಮೈಕು ಬಂದಾಗಿನಿಂದ ಅಂಟಿದ ಚಟ. ಪದ ಏರುವಲ್ಲಿ ಗಂಟಲು ಒಡೆಯುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ. ಅರಿಶಿನದ ಪದ ನಡುವೆ ನಿಂತರೆ ಅಪಶಕುನ. ಬಾಗಿಲ ಹಿಂದಿನಿಂದ ಮುನಿನಾರಾಯಣಮ್ಮ ತಗ್ಗಿದ ದನಿಯಲ್ಲಿ ಮುಂದಿನ ಸಾಲು ಎತ್ತುತ್ತಾರೆ. ಬಳಗ ಅದನ್ನೇ ಹಿಡಿದು ಪದ ಮುಗಿಸುತ್ತದೆ.

"ಯಾರವ್ವಾ ಅದು, ಎಷ್ಟ್ ಚೆಂದ ಎತ್ತಿದ್ಲು!" ಮದುಮಗಳ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾರೆ.

"ನಮ್ ದಾಕ್ಷಾಯಣೀನೇ ಅಜ್ಜಿ. ಮೈಕಲ್ಲಿ ಹಂಗೆ ಕೇಳ್ಸುತ್ತೆ," ಎಂದು ಬಳಗದ ಸರಳಾ ನಗುತ್ತಾರೆ.

ಶಾಸ್ತ್ರ ಮುಗಿದ ಕೂಡಲೇ ದಾಕ್ಷಾಯಣಿ ಅಡುಗೆಮನೆಗೆ ಬರುತ್ತಾರೆ. "ಮದ್ವೆ ಮನೆಯೋರಿಗೆ ಗೊತ್ತಾಗಿದ್ರೆ ಏನ್ ಗತಿ ಅಕ್ಕಾ? ಇನ್ಮೇಲೆ ನೀವು ಬರೋದ್ ಬೇಡ. ಮನೇಲೇ ಕಲಿಸ್ಕೊಡಿ ಸಾಕು."

"ನಿನ್ ಮರ್ಯಾದೆ ಉಳ್ಸಿದ್ದು ತಪ್ಪಾ?"

"ಉಳ್ಸಿದ್ದೇ ತಪ್ಪು."

ಮುನಿನಾರಾಯಣಮ್ಮ ಸೆರಗು ಕೊಡವಿ, ಹಿಂಬಾಗಿಲಿನಿಂದ ಹೊರಬಿದ್ದು ಬಸ್‌ಸ್ಟಾಪಿನ ಕಡೆ ನಡೆಯುತ್ತಾರೆ. ಏನಾದರೂ ಆಸೆ ಇದೆಯೇ ಎಂದು ನಾವು ಕೇಳಿದರೆ, ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಹೇಳುತ್ತಾರೆ:

"ಒಂದ್ಸಲ ಹಸೆ ಮುಂದೆ ಕೂತು ಎತ್ಬೇಕು ಅಂತಿತ್ತು. ಈಗಿಲ್ಲ. ಹೆಣ್ಣೊಪ್ಪಿಸೋ ಪದ ಒಂದೈತೆ, ನಮ್ಮವ್ವಂದು. ಹೇಳ್ಕೊಡಿ ಅಂತ ದಾಕ್ಷಾಯಣಿ ವರ್ಷದಿಂದ ಕೇಳ್ತಾವ್ಳೆ. ಅದು ನನ್ ಜತೇಗೇ ಓಗ್ಲಿ ಬುಡಿ."