ಇಸ್ಟೇಶನ್ ಮಾಸ್ತರನ ಮೊದಲ ಅಕ್ಷರ

ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಸೀಟು ಸಿಗುವುದು ಪುಣ್ಯವಂತರಿಗೆ. ಹೆಂಗಸರಿಗೆ ಟಿಕೀಟು ಪುಕ್ಕಟೆಯಾದ ಮೇಲಂತೂ ಪುಣ್ಯವಂತರಿಗೂ ಕಷ್ಟ. ನಾನು ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಅದೇ ಊರಿನ ಆಸ್ಪತ್ರೆಯ ನರ್ಸು. ಊರಿಗೆಲ್ಲ ಅವರು ಸಿಸ್ಟರ್, ನನಗೂ ಸಿಸ್ಟರ್. ಟೀಚರಾದ್ದರಿಂದ ಅವರಿಗೆ ನಾನು ಅಕ್ಕೋರು. ಮೊದಲು ಬಸ್ ಹತ್ತಿದವರು ಇನ್ನೊಬ್ಬರಿಗೆ ಚೀಲ ಇಟ್ಟು ಸೀಟು ಹಿಡಿಯಬೇಕು ಎಂಬ ಒಪ್ಪಂದ ಇತ್ತು. ಹಿಡಿದ ಎರಡರಲ್ಲಿ ಕಿಟಕಿ ಯಾರಿಗೆ ಎಂಬುದೇ ದಿನದ ತಂಟೆ.

ಆ ತಂಟೆ ಮುಗಿಸಲು ಆಟವೊಂದನ್ನು ಹುಡುಕಿದವಳು ನಾನೇ. ಬಸ್ಸು ಸ್ಟ್ಯಾಂಡ್ ಬಿಟ್ಟ ಮೇಲೆ ಕಣ್ಣಿಗೆ ಬೀಳುವ ಮೊದಲ ಮೋಟಾರ್ ಸೈಕಲ್ಲಿನ ನಂಬರು ನೋಡುವುದು. ಕೆಎ ಇಪ್ಪತ್ತೆಂಟರ ಮುಂದೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವಲ್ಲ, ಅವೆರಡೂ ಅದೇ ಕ್ರಮದಲ್ಲಿ ಬರುವ ಇಂಗ್ಲಿಷ್ ಶಬ್ದ ಹೇಳಬೇಕು. ನಡುವೆ ಬೇರೆ ಅಕ್ಷರ ಎಷ್ಟಾದರೂ ಇರಲಿ. ಯಾರ ಶಬ್ದ ಉದ್ದವೋ ಅವರಿಗೆ ಕಿಟಕಿ. ಇಂಗ್ಲಿಷ್ ಟೀಚರ್ ಹೂಡಿದ ಆಟದಲ್ಲಿ ಇಂಗ್ಲಿಷ್ ಟೀಚರೇ ಗೆಲ್ಲುವುದು ಎಂದುಕೊಂಡಿದ್ದೆ. ಮೋಸ ಅಂದರೆ ಮೋಸವೇ, ಒಪ್ಪಿಕೊಳ್ಳುತ್ತೇನೆ.

ಮೊದಲ ದಿನ ಸಿಕ್ಕಿದ್ದು ಇ, ಎಲ್. ನಾನು ಗತ್ತಿನಿಂದ ಎಲಿಫಂಟ್ ಅಂದೆ, ಎಂಟು ಅಕ್ಷರ. ಸಿಸ್ಟರ್ ಒಂದು ಗಳಿಗೆ ಕಣ್ಣು ಮುಚ್ಚಿ, "ಪ್ಯಾರಾಸಿಟಮಾಲ್" ಎಂದರು. ನಾನು ಎರಡು ಸಲ ಬೆರಳು ಮಡಚಿ ಎಣಿಸಿದೆ. ಎರಡು ಸಲವೂ ಹನ್ನೊಂದು.

"ಏಳ್ರಿ ಅಕ್ಕೋರ, ಕಿಟಕಿ ಬಿಡ್ರಿ," ಅಂದರು.

ದಿನವಿಡೀ ಗುಳಿಗೆಯ ಪಾಕೀಟು, ಔಷಧದ ಬಾಟಲಿ ಓದುವವರ ತಲೆಯಲ್ಲಿ ನನ್ನ ಪಠ್ಯಪುಸ್ತಕದಲ್ಲಿಲ್ಲದ ಮಾರುದ್ದದ ಶಬ್ದಗಳಿರುತ್ತವೆ ಎಂದು ನನಗೆ ಹೊಳೆದೇ ಇರಲಿಲ್ಲ. ವಾರ ಕಳೆಯುವುದರೊಳಗೆ, ಔಷಧದ ಹೆಸರು ನಡೆಯುವುದಿಲ್ಲ ಎಂದು ಹೊಸ ನಿಯಮ ತಂದೆ. "ಆಟ ನಿಮ್ದು, ಕಾಯ್ದೇನೂ ನಿಮ್ದು," ಎಂದು ಅವರು ನಕ್ಕು ಒಪ್ಪಿಕೊಂಡರು. ಆದರೂ ವಾರಕ್ಕೆ ಎರಡು ಮೂರು ದಿನ ಅವರೇ ಗೆಲ್ಲುತ್ತಿದ್ದರು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಹಾಗಂತ ಆ ಮುಕ್ಕಾಲು ಗಂಟೆಯಷ್ಟು ಹಗುರಾದ ಹೊತ್ತು ನನ್ನ ದಿನದಲ್ಲಿ ಇನ್ನೊಂದಿರಲಿಲ್ಲ.

ಅವತ್ತು ಬಂದದ್ದು ಇ, ಎಸ್. ನಾನು "ರೆಸ್ಪಾನ್ಸಿಬಿಲಿಟಿ" ಅಂದೆ. ಹದಿನಾಲ್ಕು. ಸಿಸ್ಟರ್ ಬಹಳ ಹೊತ್ತು ಬೆರಳು ಎಣಿಸಿ ಒಮ್ಮೆಲೇ ಅರಳಿದರು.

"ಇಸ್ಟೇಶನ್ ಮಾಸ್ತರ! ನಂದೂ ಹದಿನಾಕ. ಸಮಾಸಮ!"

"ಬಿಡಿಸಿ ಹೇಳ್ರಿ ನೋಡೂಣು."

"ಇ, ಎಸ್, ಟಿ, ಎ..."

ನಾನು ನಕ್ಕೆ. ಮೆಲ್ಲಗೆ ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಅದಕ್ಕ ಇ ಎಲ್ಲಿಂದ ಬಂತ್ರಿ ಸಿಸ್ಟರ್? ನೀವು ಪರೀಕ್ಷಾ ಹೆಂಗ ಪಾಸಾದ್ರಿ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಅಂದೆ. ಕಂಡಕ್ಟರ್ ನಕ್ಕ. ಎದುರಿನ ಸೀಟಿನಲ್ಲಿ ಕೂಸಿಗೆ ಚುಚ್ಚುಮದ್ದು ಹಾಕಿಸಲು ಇವರ ಆಸ್ಪತ್ರೆಗೇ ಹೊರಟಿದ್ದ ಹೆಂಗಸೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಸಿಸ್ಟರ್ ತೊಡೆಯ ಮೇಲಿನ ಚೀಲ ನೋಡುತ್ತ ಕೂತರು. ಇಳಿಯುವಾಗ "ಬರ್ತೇನ್ರಿ ಅಕ್ಕೋರ" ಎನ್ನಲಿಲ್ಲ.

ಮರುದಿನ ಅವರು ಮುಂದಿನ ಸಾಲಿನಲ್ಲಿ ಬೇರೆ ಯಾರೋ ಹೆಂಗಸಿನ ಪಕ್ಕ ಕೂತಿದ್ದರು. ಇಷ್ಟಕ್ಕೇ ಮುನಿಸೇ, ಎಷ್ಟು ದಿನ ನಡೆಯುತ್ತದೆ ನೋಡೋಣ ಎಂದು ನಾನೂ ಬಿಗುಮಾನ ಮಾಡಿದೆ. ವಾರವೆಲ್ಲ ನಡೆಯಿತು. ನನಗೆ ದಿನವೂ ಆಡದೆಯೇ ಕಿಟಕಿ ಸಿಕ್ಕಿತು. ಹೊರಗೆ ಹೋಗುವ ಗಾಡಿಗಳ ನಂಬರು ಓದಿ ಮನಸ್ಸಿನಲ್ಲೇ ಶಬ್ದ ಹುಡುಕುತ್ತಿದ್ದೆ. ಉದ್ದನೆಯದು ಸಿಕ್ಕರೆ ಹೇಳಲು ಪಕ್ಕದಲ್ಲಿ ಸಿಸ್ಟರ್ ಇರಲಿಲ್ಲ.

ಆ ರವಿವಾರ ತಿಕೋಟಾಕ್ಕೆ ತವರಿಗೆ ಹೋಗಿದ್ದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ನಿಂತೇ ಯಾಕದಿ, ಆ ಇಸ್ಟೂಲ್ ತಗೊಂಡು ಕುಂದರ ಬಾರವ್ವ," ಎಂದಳು. ಕೂರಲು ಹೋದವಳು ಹಾಗೇ ನಿಂತೆ.

ನಮ್ಮ ಕಡೆಯ ಬಾಯಿಗೆ ಸಕಾರ ಟಕಾರ ಕೂಡಿ ಒಮ್ಮೆಲೇ ಬರಲೊಲ್ಲವು. ಮುಂದೆ ಒಂದು ಇ ಇಟ್ಟುಕೊಂಡು, ಮೆಟ್ಟಿಲು ತುಳಿದಂತೆ ತುಳಿದು ಹತ್ತುತ್ತೇವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರದ ಹೆಸರೇ ಇ ಆಗಿರುವಾಗ ಬರೆಯುವವರು ಅದನ್ನೇ ಬರೆಯದೆ ಇನ್ನೇನು ಬರೆದಾರು? ಆರನೇ ಇಯತ್ತೆಯಲ್ಲಿ ಸ್ಟೂಲ್ ಎಂಬುದನ್ನು ಬೋರ್ಡಿನ ಮೇಲೆ ನಾನು ಹಾಗೇ ಬರೆದಿದ್ದೆ. "ಹತ್ತು, ನಿನ್ನ ಇಸ್ಟೂಲ್ ಮ್ಯಾಲೆ ನಿಂದರು," ಎಂದು ಮಾಸ್ತರರು ಪಿರಿಯಡ್ ಮುಗಿಯುವ ತನಕ ಅದರ ಮೇಲೆ ನಿಲ್ಲಿಸಿದ್ದರು. ಇಡೀ ವರ್ಗ ನಕ್ಕಿತ್ತು. ಅಂದು ನುಂಗಿಕೊಂಡ ಆ ಇ ಮತ್ತೆ ನನ್ನ ಬಾಯಿಗೆ ಬರಲಿಲ್ಲ. ಇಂಗ್ಲಿಷ್ ಟೀಚರಾದೆ. ಈ ಸಂಗತಿಯನ್ನು ಗಂಡನಿಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ನಾನು ನಕ್ಕದ್ದು ಆ ವರ್ಗ ನಕ್ಕ ನಗೆಯನ್ನೇ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಸೋಮವಾರ ಸಿಸ್ಟರ್ ಕಿಟಕಿಯ ಬಳಿ ಕೂತಿದ್ದರು. ಪಕ್ಕದ ಸೀಟಿನ ಮೇಲೆ ಅವರ ಚೀಲ, ಯಾರಿಗೆ ಹಿಡಿದಿದ್ದರೋ. ನಾನು ಕಂಬಿ ಹಿಡಿದು ಅವರ ಪಕ್ಕ ನಿಂತೆ. ಆ ಮಾತು ಆಡಿದ್ದು ಎಲ್ಲರ ಮುಂದೆ, ಹಾಗಾಗಿ ಇದನ್ನೂ ಎಲ್ಲರ ಮುಂದೆಯೇ ಹೇಳಬೇಕಿತ್ತು.

"ಸಿಸ್ಟರ್, ನಂದು ತಪ್ಪಾಗೇತ್ರಿ. ಆರನೇ ಇಯತ್ತೆದಾಗ ಇದ್ದಾಗ ನಾನೂ ಬರದಿದ್ದೆ. ಇ, ಎಸ್, ಟಿ, ಓ, ಓ, ಎಲ್. ಮಾಸ್ತರು ಅದರ ಮ್ಯಾಲೇ ನಿಂದರ್ಸಿದ್ರು. ಪಿರಿಯಡ್ ಮುಗಿಯೂ ತನಕ."

"ಅಕ್ಕೋರಿಗೂ ಬರ್ತಿರಲಿಲ್ಲೇನ್ರಿ?" ಎಂದು ಕಂಡಕ್ಟರ್ ನಕ್ಕ.

"ಬರ್ತಿರಲಿಲ್ರಿ," ಅಂದೆ.

ಸಿಸ್ಟರ್ ನಗಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಬರ್ರಿ ಅಕ್ಕೋರ, ಕುಂದರ್ರಿ. ನಿಂದರಾಕ ಇದೇನ್ ಇಸ್ಟೂಲ್ ಅಲ್ಲ."

ಕೂತೆ. ಕಿಟಕಿಯನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.