ಸೊನ್ನೆ ಹೇಳುತ್ತಿದ್ದ ಮೀರಾಬಾಯಿ

ದುಬಲಗುಂಡಿಯ ಮೀರಾಬಾಯಿ ನನ್ನ ಮಾನ ಕಳೆದವಳು. ಅದೂ ಡಾಕ್ಟರು, ನರ್ಸುಗಳು, ಇನ್ನೂ ಐದು ಮಂದಿ ರೋಗಿಗಳು ಕೂತಿದ್ದ ಸಭೆಯಲ್ಲಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯವರಿಗೆಲ್ಲ ಗೊತ್ತು. ಆವತ್ತಿನ ಸಿಟ್ಟು ಇಳಿಯಲು ಮಾತ್ರ ಒಂದು ತಿಂಗಳು ಹಿಡಿಯಿತು.

ನಾನು ವಹೀದಾ, ಹುಮನಾಬಾದಿನವಳು. ಕಲಬುರಗಿಯ ಒಂದು ಕ್ಯಾನ್ಸರ್ ಆಸ್ಪತ್ರೆಗಾಗಿ ಹುಮನಾಬಾದ, ಬಸವಕಲ್ಯಾಣದ ಹಳ್ಳಿಗಳಿಗೆ ಹೋಗಿ ರೋಗಿಗಳ ಫಾರ್ಮ್ ತುಂಬುತ್ತೇನೆ. ನೋವೆಷ್ಟು, ಸುಸ್ತೆಷ್ಟು, ಕೈಕಾಲು ಜೋಮು ಹಿಡಿಯುವುದೆಷ್ಟು? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿದರೆ ಮುಗಿಯಿತು.

ಮೀರಾಬಾಯಿಗೆ ಐವತ್ತರ ಆಚೀಚೆ ವಯಸ್ಸು. ಲಂಗ ಉಡುವ ವಯಸ್ಸಿನಿಂದ ಕೂಲಿ ಮಾಡಿದವಳು. ಕಳೆ ತೆಗೆಯುವುದು, ಹೆಸರುಕಾಯಿ ಬಿಡಿಸುವುದು, ತೊಗರಿ ಕೊಯ್ಯುವುದು. ಎದೆಯ ಕ್ಯಾನ್ಸರಿಗೆ ವಾರಕ್ಕೊಂದರಂತೆ ಹನ್ನೆರಡು ಸಲ ಔಷಧಿ ಏರಿಸಿಕೊಂಡಳು. ಏರಿಸಿಕೊಂಡ ಮೂರನೆಯ ದಿನಕ್ಕೆ ಹೊಲದಲ್ಲಿರುತ್ತಿದ್ದಳು. ನಾನು ಕೇಳಿದಾಗಲೆಲ್ಲ ಒಂದೇ ಉತ್ತರ, ಸೊನ್ನೆ. ನನ್ನನ್ನು ಟೀಚರಮ್ಮನಂತೆ ಬಾಯಿ ಎಂದು ಕರೆದು, ನಮ್ಮ ಬಾಯಿ ಪರೀಕ್ಷೆ ತಗೊಳ್ಳಲು ಬಂದಳು ನೋಡ್ರೇ ಎಂದು ಕಾಡಿಸುತ್ತಿದ್ದಳು.

ನನ್ನ ರೋಗಿಗಳಲ್ಲಿ ಬಹಳಷ್ಟು ಮಂದಿ ಕೂಲಿಯವರು. ಮನೆಮನೆ ಅಲೆಯುವುದು ಯಾರಿಗೆ ಬೇಕು? ಸಂಜೆ ಟೋಳಿ, ಅಂದರೆ ಕೂಲಿ ಹೆಂಗಸರ ಗುಂಪು, ಹೊಲದಿಂದ ಬಂದು ಇಳಿಯುವ ಜಾಗದಲ್ಲೇ ನಿಂತು ಕೇಳಿಬಿಡುವುದು ನಾನು ಕಂಡುಕೊಂಡ ಉಪಾಯ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಒಂದು ಫಾರ್ಮೂ ಬಾಕಿ ಉಳಿಯುತ್ತಿರಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಹೋದ ವರ್ಷ ಆಸ್ಪತ್ರೆಯವರು ಅದೇ ಔಷಧಿಯ ಮೇಲೆ ಹೊಸ ಟ್ರಯಲ್ ಯೋಜಿಸಿದರು. ಶುರು ಮಾಡುವ ಮೊದಲು, ಔಷಧಿ ತೆಗೆದುಕೊಂಡು ಮುಗಿಸಿದ ಆರು ಮಂದಿಯನ್ನು ಕರೆದು, ಯೋಜನೆ ಓದಿ ಹೇಳಿ, ಏನು ಬದಲಿಸಬೇಕೆಂದು ಕೇಳುವುದೆಂದು ಡಾಕ್ಟರ್ ಗುರುಲಿಂಗ ತೀರ್ಮಾನಿಸಿದರು. ಓದು ಬರಹ ಬಾರದವಳು ಏನು ಹೇಳಿಯಾಳು ಎಂದುಕೊಂಡೇ ನಾನು ಮೀರಾಬಾಯಿಯನ್ನು ಬಸ್ಸು ಹತ್ತಿಸಿದೆ. ಅವಳು ಬಂದದ್ದು ರತ್ನಮಾಲಾಳ ಸಲುವಾಗಿ. ಅದೇ ಟೋಳಿಯ ಮೂವತ್ತೆರಡರ ಹೆಂಗಸು ರತ್ನಮಾಲಾ. ಅವಳಿಗೂ ಎದೆಯಲ್ಲಿ ಗಂಟು ಸಿಕ್ಕಿತ್ತು, ಈ ಟ್ರಯಲ್‌ಗೆ ಸೇರುವವಳಿದ್ದಳು.

ಡಾಕ್ಟರು ಯೋಜನೆ ವಿವರಿಸಿದರು. ಈ ಔಷಧಿ ಕೈಕಾಲಿನ ನರಗಳನ್ನು ಕೆಡಿಸಬಹುದು. ಆದ್ದರಿಂದ ಫಾರ್ಮಿನಲ್ಲಿ ಜೋಮಿನ ಅಂಕಿ ಏರಿದರೆ ಮಾತ್ರ ಔಷಧಿಯ ಪ್ರಮಾಣ ಇಳಿಸುವುದು, ಇಲ್ಲದಿದ್ದರೆ ಪೂರ್ತಿ ಕೊಡುವುದು. ನಮ್ಮ ಕಡೆಯ ಹೆಂಗಸರು ಗಟ್ಟಿ, ಹಳೆಯ ಫಾರ್ಮುಗಳೆಲ್ಲ ಸೊನ್ನೆಯೇ ಇವೆ ಎಂದು ನನ್ನ ಕಡೆ ನೋಡಿ ಮೆಚ್ಚಿಕೊಂಡರು. ನಾನು ಹಿಗ್ಗಿಹೋದೆ.

ಮೀರಾಬಾಯಿ ತನ್ನ ಫಾರ್ಮ್ ಓದಲು ಹೇಳಿದಳು. ಓದಿದರು. ಅವಳು ಎದ್ದು ನಿಂತು ಕೈಬೆರಳುಗಳನ್ನು ಮುಂದೆ ಚಾಚಿದಳು.

"ಆ ಸೊನ್ನಿ ಸುಳ್ಳದರಿ ಸಾಹೇಬ್ರ. ನಾನೇ ಸುಳ್ಳು ಹೇಳೀನಿ. ಆರನೇ ಸೂಜಿಗೇ ನನ್ನ ಬಳ್ಳು ಸತ್ತಾವ. ಇನ್ನಾ ಜೀವ ಬಂದಿಲ್ಲ."

ಆಮೇಲೆ ನಿಂತಲ್ಲೇ ಎಲ್ಲ ಹೇಳಿದಳು. ದಿನಾ ಸಂಜೆ, ಟೋಳಿಗೆ ಆಳು ಗೊತ್ತುಮಾಡುವ ಮುಕಾದಮ ಕಸ್ತೂರಿಬಾಯಿ ಒಬ್ಬೊಬ್ಬರನ್ನೂ ಮೈ ಹೇಗಿದೆ, ನಾಳೆ ಬರುತ್ತೀಯಾ ಎಂದು ಕೇಳುತ್ತಾಳೆ. ನೋವು ಅಂದವಳ ಜಾಗಕ್ಕೆ ಮರುದಿನ ಬೇರೊಬ್ಬಳು. ಅದಕ್ಕೆ ಏನೂ ಇಲ್ಲ ಅನ್ನುವುದು ಎಲ್ಲರಿಗೂ ರೂಢಿ. ಮೀರಾಬಾಯಿ ತನಗೆ ಹೆರಿಗೆಯಾದ ತಿಂಗಳಲ್ಲೂ ಹಾಗೇ ಅಂದಿದ್ದಳಂತೆ. ಪಕ್ಕದಲ್ಲಿದ್ದ ಗೋರ್ಟಾದ ರೋಗಿಯೂ ಮೆಲ್ಲಗೆ ತಲೆ ಆಡಿಸಿದಳು. ಡಾಕ್ಟರು ಕನ್ನಡಕ ತೆಗೆದಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ಜಗಳ ತೆಗೆದೆ. ಮುಕಾದಮಳಿಗೆ ಹೆದರಿ ನನಗೇಕೆ ಸುಳ್ಳು ಹೇಳಿದೆ, ನಾನೇನು ಕೂಲಿ ಕೊಡುವವಳೇ ಎಂದೆ. ಅವಳು ಜೋರು ಮಾಡಲಿಲ್ಲ.

"ನೀವು ಕೇಳಾಗ ಕಸ್ತೂರಿಬಾಯಿ ಎರಡು ಮಾರು ದೂರ ನಿಂತಿರ್ತಿದ್ಳಲ್ರಿ ಬಾಯಿ. ನಿಮಗ ಕಾಣಲಿಲ್ಲೇನು?"

ಕಂಡಿತ್ತು. ಹೋದಾಗಲೆಲ್ಲ ಕಂಡಿತ್ತು, ಅವಳಿಗೆ ನಮಸ್ಕಾರವನ್ನೂ ಹೇಳುತ್ತಿದ್ದೆ.

ಫಾರ್ಮ್ ಬದಲಿಸಲು ಆಸ್ಪತ್ರೆಗೆ ಮೂರು ತಿಂಗಳು ಹಿಡಿಯಿತು. ಆ ಆರೂ ಮಂದಿಯನ್ನು ಎರಡು ಸಲ ಮತ್ತೆ ಕರೆದರು. ಮೀರಾಬಾಯಿ ಎರಡೇ ಮಾತಿಗೆ ಪಟ್ಟು ಹಿಡಿದಳು. ಮನೆಗೆ ಬಂದು ಕೇಳಬೇಕು. ಅಂಕಿ ಕೇಳುವ ಮೊದಲು, ಈ ವಾರ ನಿನ್ನ ಯಾವ ಕೆಲಸವನ್ನು ಬೇರೆಯವರು ಮಾಡಿಕೊಟ್ಟರು ಎಂದು ಕೇಳಬೇಕು. ಈ ಪ್ರಶ್ನೆಗೆ ಒಂದು ಉತ್ತರ ಬಂದರೂ ಡಾಕ್ಟರು ಕೈ ಪರೀಕ್ಷಿಸಬೇಕೆಂದು ಯೋಜನೆಯಲ್ಲೇ ಬರೆಸಿದರು. ಅಷ್ಟರಲ್ಲಿ ಸುದ್ದಿ ಊರು ಮುಟ್ಟಿತ್ತು. ಆ ಸಲದ ತೊಗರಿ ಕೊಯ್ಲಿಗೆ ಕಸ್ತೂರಿಬಾಯಿ ಮೀರಾಬಾಯಿಯನ್ನು ಕರೆಯಲಿಲ್ಲ.

ಟ್ರಯಲ್ ಶುರುವಾಯಿತು. ಐದನೆಯ ವಾರ ರತ್ನಮಾಲಾಳ ಮನೆಗೆ ಹೋದೆ. ಮೀರಾಬಾಯಿ ಅಲ್ಲೇ ಕೂತಿದ್ದಳು. ನೋವೇನಾದರೂ ಇದೆಯೇ ಎಂದದ್ದಕ್ಕೆ ರತ್ನಮಾಲಾ ಥಟ್ಟನೆ ಏನೂ ಇಲ್ಲ ಅಂದಳು. ಆಮೇಲೆ ಹೊಸ ಪ್ರಶ್ನೆ ಕೇಳಿದೆ. ಅವಳು ಮೀರಾಬಾಯಿಯ ಮುಖ ನೋಡಿದಳು, ನೆಲ ನೋಡಿದಳು.

"ಮಗಳ ಜಡಿ ನಮ್ಮವ್ರು ಹಾಕಾಕತ್ತಾರ್ರಿ. ನನಗ ಕೂದಲಾ ಗೊತ್ತಾಗವಲ್ಲವು ಬಳ್ಳಿಗಿ."

ಮರುದಿನವೇ ಡಾಕ್ಟರು ಅವಳ ಕೈ ನೋಡಿ ಔಷಧಿ ಇಳಿಸಿದರು. ಎರಡು ತಿಂಗಳಿಗೆ ಅವಳ ಬೆರಳಿಗೆ ಅರಿವು ಮರಳಿತು.

ಆವತ್ತು ರತ್ನಮಾಲಾಳ ಮನೆಯಲ್ಲಿ ನಾನು ಫಾರ್ಮ್ ಮಡಚಿ ಏಳುವಾಗ ಮೀರಾಬಾಯಿ ತಡೆದಳು. ತನಗೂ ಆ ಪ್ರಶ್ನೆ ಕೇಳಬೇಕಂತೆ. ನಿನ್ನ ಔಷಧಿ ಮುಗಿದು ವರ್ಷವಾಯಿತಲ್ಲ ಮಾವಶಿ, ನೀನು ಇದರಲ್ಲಿ ಬರುವುದಿಲ್ಲ ಎಂದೆ.

"ಬರದಿದ್ರೂ ಕೇಳ್ರಿ. ನನಗ ಯಾರೂ ಕೇಳಿಲ್ಲ."

ಮತ್ತೆ ಕೂತೆ. ಖಾಲಿ ಹಾಳೆ ತೆಗೆದು ಕೇಳಿದೆ. ಕುಪ್ಪಸದ ಗುಂಡಿ ಹಾಕುವುದು, ರೊಟ್ಟಿ ತಟ್ಟುವುದು, ಅಕ್ಕಿ ಆರಿಸುವುದು, ಸೂಜಿಗೆ ದಾರ ಪೋಣಿಸುವುದು, ಕುಡುಗೋಲು ಹಿಡಿಯುವುದು. ಅವಳು ಅವಸರವಿಲ್ಲದೆ ಹೇಳುತ್ತ ಹೋದಳು. ಮುಂಬದಿ ತುಂಬಿತು, ಹಾಳೆ ತಿರುವಿ ಬರೆದೆ.